ಮ್ಯೂಲರ್-ಲಾಯರ್ ಪ್ರಯೋಗದಲ್ಲಿ 40 ಸಲ ಯಾಕೆ? ಬಿಎ ಮನೋವಿಜ್ಞಾನ, ಸಂಶೋಧನಾ ವಿಧಾನ, ವೈವಾ ತಯಾರಿ

ಮೂರನೇ_ಸೆಮ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬಿಎ ಮೂರನೇ ಸೆಮಿಸ್ಟರ್, ಮನೋವಿಜ್ಞಾನ ಮೇಜರ್. ಮುಂದಿನ ತಿಂಗಳು ಪ್ರಾಕ್ಟಿಕಲ್ ಮತ್ತು ವೈವಾ ಇದೆ. ಸ್ವತಂತ್ರ ಚರ, ಅವಲಂಬಿತ ಚರ, ನಿಯಂತ್ರಣ, ವಿಶ್ವಾಸಾರ್ಹತೆ, ಸಿಂಧುತ್ವ, ಎಲ್ಲದರ ವ್ಯಾಖ್ಯೆಯೂ ಬಾಯಿಗೆ ಬರುತ್ತದೆ. ಪ್ರಯೋಗ ಮುಂದಿಟ್ಟು "ಇಲ್ಲಿ ನಿಯಂತ್ರಣ ಎಲ್ಲಿದೆ ತೋರಿಸು" ಎಂದರೆ ಮಾತ್ರ ಉತ್ತರ ಹೊಳೆಯುವುದಿಲ್ಲ. ಮುಖ್ಯವಾಗಿ ಇಷ್ಟು ಗೊಂದಲ:

ಮ್ಯೂಲರ್-ಲಾಯರ್ ಭ್ರಮೆಯ ಪ್ರಯೋಗದಲ್ಲಿ ಒಬ್ಬನೇ ಸಬ್ಜೆಕ್ಟ್‌ಗೆ 40 ಪ್ರಯತ್ನ ಕೊಡಿಸುತ್ತೇವೆ. ಹತ್ತು ಸಲ ಎಡ-ಹೊರಮುಖ, ಹತ್ತು ಸಲ ಎಡ-ಒಳಮುಖ, ಬಲಕ್ಕೂ ಹಾಗೆಯೇ. ಯಾಕೆ? ಭ್ರಮೆ ಇದೆಯೋ ಇಲ್ಲವೋ ಐದು ಸಲಕ್ಕೇ ಗೊತ್ತಾಗುವುದಿಲ್ಲವೇ?

ಇನ್ನೊಂದು, ಕಿರು ಪ್ರಾಜೆಕ್ಟ್. ಶೀರ್ಷಿಕೆ "ಪದವಿ ವಿದ್ಯಾರ್ಥಿಗಳ ಪರೀಕ್ಷಾ ಆತಂಕದ ಮೇಲೆ ಮೊಬೈಲ್ ಬಳಕೆಯ ಪರಿಣಾಮ". 60 ಜನರಿಂದ ಗೂಗಲ್ ಫಾರ್ಮ್ ತುಂಬಿಸಿದ್ದೇನೆ. ಆತಂಕಕ್ಕೆ 10 ಪ್ರಶ್ನೆ, ಇಂಗ್ಲಿಷಿನಿಂದ ನಾನೇ ಕನ್ನಡಕ್ಕೆ ತಂದದ್ದು. ಆಲ್ಫಾ (ಪ್ರಶ್ನೆಗಳ ವಿಶ್ವಾಸಾರ್ಹತೆಯ ಅಳತೆ) 0.92 ಬಂತು. ಸಹಸಂಬಂಧ 0.28, ಪಿ ಮೌಲ್ಯ 0.03. ಇದರರ್ಥ ನನ್ನ ಪ್ರಾಕಲ್ಪನೆ ನಿಜವಾಗಿರುವ ಸಾಧ್ಯತೆ 97% ಅಂತಲೇ?

---

ಅಳತೆಗೋಲು ಉತ್ತರ:

ಮೊದಲು ಮ್ಯೂಲರ್-ಲಾಯರ್. ಈ ಒಂದು ಹಲಗೆಯನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ವೈವಾದ ಅರ್ಧ ಪ್ರಶ್ನೆಗೆ ಅಲ್ಲೇ ಉತ್ತರ ಇದೆ.

ಹಲಗೆಯಲ್ಲಿ ಎರಡು ಗೆರೆ. ಒಂದರ ಎರಡು ತುದಿಗೂ ಬಾಣದ ತಲೆ, ಅದು ಗಿಡ್ಡ ಕಾಣುತ್ತದೆ. ಇನ್ನೊಂದರ ತುದಿಗಳು ಗರಿಯ ಹಾಗೆ ಹೊರಕ್ಕೆ ಬಿಚ್ಚಿಕೊಂಡಿವೆ, ಅದು ಉದ್ದ ಕಾಣುತ್ತದೆ. ಬಾಣದ ಗೆರೆ ಸ್ಥಿರ, 150 ಮಿಮೀ ಎಂದಿಟ್ಟುಕೊಳ್ಳಿ. ಗರಿಯ ಗೆರೆಯನ್ನು ಸರಿಸಬಹುದು. ಸಬ್ಜೆಕ್ಟ್ ಅದನ್ನು ಸರಿಸುತ್ತಾ ಎರಡೂ ಸಮ ಕಂಡಲ್ಲಿ ನಿಲ್ಲಿಸಬೇಕು. ಹಿಂಬದಿಯ ಸ್ಕೇಲಿನಲ್ಲಿ ಪ್ರಯೋಗಕರ್ತ ಮಿಮೀ ಓದಿ ಬರೆದುಕೊಳ್ಳುತ್ತಾನೆ. ಸ್ವತಂತ್ರ ಚರ (ನಾವು ಬದಲಿಸುವುದು) ತುದಿಗಳ ಆಕಾರ. ಅವಲಂಬಿತ ಚರ (ನಾವು ಅಳೆಯುವುದು) ಅವನು ನಿಲ್ಲಿಸಿದ ಜಾಗದ ಮಿಮೀ. "ಭ್ರಮೆ" ಅವಲಂಬಿತ ಚರವಲ್ಲ, ಅದು ನಾವು ಆ ಮಿಮೀಗಳಿಂದ ತೆಗೆಯುವ ತೀರ್ಮಾನ. ವೈವಾದಲ್ಲಿ ಹತ್ತರಲ್ಲಿ ಎಂಟು ಜನ ಮುಗ್ಗರಿಸುವ ಜಾಗ ಇದು.

ಈಗ 40. ಅವನು ತಪ್ಪಾಗಿ ನಿಲ್ಲಿಸಲು ತುದಿಗಳ ಆಕಾರವೊಂದೇ ಕಾರಣವಲ್ಲ. ಕೈ ಯಾವ ಕಡೆಯಿಂದ ಬರುತ್ತಿದೆ (ಗಿಡ್ಡದಿಂದ ಬೆಳೆಸಿದರೆ ಹೊರಮುಖ, ಉದ್ದದಿಂದ ಕುಗ್ಗಿಸಿದರೆ ಒಳಮುಖ) ಎಂಬುದೂ ಕಾರಣ, ಗೆರೆ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದೂ ಕಾರಣ. ಮೊದಲನೆಯದು ಚಲನ ದೋಷ, ಎರಡನೆಯದು ಸ್ಥಾನ ದೋಷ. ಇವನ್ನು ಇಲ್ಲವಾಗಿಸಲು ಆಗುವುದಿಲ್ಲ. ಆದರೆ ಎರಡೂ ದಿಕ್ಕಿಗೆ ಸಮ ಪ್ರಯತ್ನ ಕೊಟ್ಟರೆ ಒಂದು ಇನ್ನೊಂದನ್ನು ಹೊಡೆದುಹಾಕುತ್ತದೆ. ನಿಯಂತ್ರಣ ಎಲ್ಲಿದೆ ಎಂದು ಕೇಳಿದರೆ ಈ ನಾಲ್ಕು ಗುಂಪನ್ನೇ ತೋರಿಸಿ.

ಲೆಕ್ಕ ಹಾಕಿ ನೋಡಿ. ನಾಲ್ಕು ಗುಂಪಿನ ಸರಾಸರಿ ಹೀಗಿದೆ ಎಂದಿಟ್ಟುಕೊಳ್ಳಿ: ಎಡ-ಹೊರಮುಖ 128, ಎಡ-ಒಳಮುಖ 134, ಬಲ-ಹೊರಮುಖ 130, ಬಲ-ಒಳಮುಖ 136. ಒಟ್ಟು ಸರಾಸರಿ 132. ಅಂದರೆ ಈ ವ್ಯಕ್ತಿಗೆ 132 ಮಿಮೀ ಗರಿ ಗೆರೆಯೂ 150 ಮಿಮೀ ಬಾಣದ ಗೆರೆಯೂ ಒಂದೇ. ಸ್ಥಿರ ದೋಷ 132 − 150 = −18 ಮಿಮೀ, ಶೇಕಡಾ 12. ಚಿಹ್ನೆ ಬಿಡಬೇಡಿ. ಸರಿಸುವ ಗೆರೆಯನ್ನು ಗಿಡ್ಡ ಇಟ್ಟಿದ್ದಾನೆ ಎಂಬುದನ್ನು ಆ ಋಣ ಚಿಹ್ನೆಯೇ ಹೇಳುತ್ತದೆ.

ಹೊರಮುಖದ ಎರಡರ ಸರಾಸರಿ 129, ಒಳಮುಖದ್ದು 135. ವ್ಯತ್ಯಾಸ 6, ಅರ್ಧ 3: ಅದು ಚಲನ ದೋಷ. ಎಡದ ಸರಾಸರಿ 131, ಬಲದ್ದು 133. ವ್ಯತ್ಯಾಸದ ಅರ್ಧ 1: ಸ್ಥಾನ ದೋಷ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಚಿಕ್ಕದರಿಂದ ಬೆಳೆಸುವಾಗ 129ಕ್ಕೆ ನಿಂತ, ದೊಡ್ಡದರಿಂದ ಕುಗ್ಗಿಸುವಾಗ 135ಕ್ಕೇ ನಿಂತ. ಎರಡೂ ಕಡೆ ಬೇಗ ನಿಂತಿದ್ದಾನೆ, ಅಂದರೆ "ಇನ್ನೇನು ಬಂತು" ಎಂಬ ನಿರೀಕ್ಷೆಯ ದೋಷ. ಎರಡೂ ಕಡೆ ತಡವಾಗಿ ನಿಂತಿದ್ದರೆ ಅಭ್ಯಾಸದ ದೋಷ. ಫಲಿತಾಂಶದ ಚರ್ಚೆಯಲ್ಲಿ ಈ ಎರಡು ಸಾಲು ಬರೆದವರ ರೆಕಾರ್ಡ್ ಪುಸ್ತಕವನ್ನು ಪರೀಕ್ಷಕರು ಮುಚ್ಚಿ ಪಕ್ಕಕ್ಕಿಡುವ ಮೊದಲು ಇನ್ನೊಮ್ಮೆ ನೋಡುತ್ತಾರೆ.

ಎಲ್ಲಾ ಪ್ರಯತ್ನವನ್ನೂ ಎಡ-ಹೊರಮುಖದಲ್ಲೇ ಕೊಟ್ಟಿದ್ದರೆ ನಿಮಗೆ ಸಿಗುತ್ತಿದ್ದುದು −22. ಭ್ರಮೆ 4 ಮಿಮೀ ಉಬ್ಬುತ್ತಿತ್ತು, ಉಬ್ಬಿದೆ ಎಂದು ತಿಳಿಯುವ ದಾರಿಯೂ ಇರುತ್ತಿರಲಿಲ್ಲ. ಐದು ಸಲ ಸಾಕು ಎಂಬುದಕ್ಕೆ ಉತ್ತರ ಇದೇ. ಭ್ರಮೆ ಇದೆ ಎನ್ನಲು ಐದು ಸಾಕು, ಎಷ್ಟಿದೆ ಎನ್ನಲು ಸಾಲದು.

ಕೆಡುವುದು ಎಲ್ಲಿ? ಸಬ್ಜೆಕ್ಟ್ ಕೂತ ಜಾಗದಿಂದ ಹಿಂಬದಿಯ ಸ್ಕೇಲ್ ಕಾಣುತ್ತದೆ. ಪ್ರಯೋಗಕರ್ತ ಪ್ರತಿ ಸಲ ಅದೇ ಬಿಂದುವಿನಿಂದ ಶುರು ಮಾಡಿಸುತ್ತಾನೆ, ಆಗ ಸಬ್ಜೆಕ್ಟ್ ಕಣ್ಣಿನಿಂದ ಅಲ್ಲ, ಕೈ ಎಷ್ಟು ದೂರ ಹೋಯಿತು ಎಂಬ ಲೆಕ್ಕದಿಂದ ನಿಲ್ಲಿಸುತ್ತಾನೆ. ಪ್ರತಿ ಸಲ ಆರಂಭದ ಬಿಂದುವನ್ನು ಬದಲಿಸಿ, ಆದರೆ ಹೊರಮುಖಕ್ಕೆ ಸ್ಪಷ್ಟವಾಗಿ ಗಿಡ್ಡ, ಒಳಮುಖಕ್ಕೆ ಸ್ಪಷ್ಟವಾಗಿ ಉದ್ದ ಇರಲಿ. ಮಧ್ಯೆ "ಸರಿ", "ಹತ್ತಿರ ಬಂದಿರಿ" ಎಂದು ಹೇಳಬೇಡಿ, ತಲೆ ಕೂಡ ಆಡಿಸಬೇಡಿ. ಸುಳಿವು ಸಿಕ್ಕರೆ ಅವನು ಕಲಿತುಬಿಡುತ್ತಾನೆ, ಕೊನೆಯ ಹತ್ತು ಪ್ರಯತ್ನ ಬೇರೆಯೇ ಪ್ರಯೋಗ ಆಗುತ್ತದೆ. ನಾಲ್ಕು ಗುಂಪನ್ನು ಒಂದರ ಹಿಂದೊಂದು ಹತ್ತತ್ತು ಮುಗಿಸುವುದಕ್ಕಿಂತ ಐದೈದಾಗಿ ಒಡೆದು, ಮೊದಲರ್ಧದಲ್ಲಿ 1-2-3-4, ಎರಡನೇ ಅರ್ಧದಲ್ಲಿ 4-3-2-1 ಮಾಡಿದರೆ ಅಭ್ಯಾಸ ಮತ್ತು ಆಯಾಸ ಒಂದೇ ಗುಂಪಿನ ತಲೆಗೆ ಬೀಳುವುದಿಲ್ಲ.

"ಈ ಭ್ರಮೆ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಆಗುತ್ತದೆಯೇ" ಎಂದು ಕೇಳಿದರೆ ಇಲ್ಲ ಎನ್ನಿ. ಮ್ಯೂಲರ್-ಲಾಯರ್ ಇದನ್ನು ಪ್ರಕಟಿಸಿದ್ದು 1889ರಲ್ಲಿ. ಹೆಚ್ಚು ದಿನ ಕಳೆಯುವ ಮೊದಲೇ ಬ್ರಿಟಿಷ್ ಸಂಶೋಧಕ ಡಬ್ಲ್ಯು.ಎಚ್.ಆರ್. ರಿವರ್ಸ್ ಇದನ್ನು ಆಸ್ಟ್ರೇಲಿಯಾ ಮತ್ತು ನ್ಯೂ ಗಿನಿ ನಡುವಿನ ಟಾರೆಸ್ ಜಲಸಂಧಿಯ ದ್ವೀಪವಾಸಿಗಳ ಮೇಲೂ, ಆಮೇಲೆ ನಮ್ಮ ಗಡಿಗೆ ತಾಗಿದ ನೀಲಗಿರಿಯ ತೋಡರ ಮೇಲೂ ಅಳೆದರು. ಇಂಗ್ಲಿಷರಿಗಿಂತ ಇವರಲ್ಲಿ ಭ್ರಮೆ ಕಡಿಮೆ ಬಂತು.

---

ಬಣ್ಣದ_ಚೀಟಿ ಉತ್ತರ:

ಮೇಲಿನವರು ಹೇಳಿದ್ದು ಸರಿ. ಆದರೆ ವೈವಾದಲ್ಲಿ ಎರಡನೇ ಪ್ರಯೋಗವಾಗಿ ಸ್ಟ್ರೂಪ್ ಬಂದೇ ಬರುತ್ತದೆ, ಅದರಲ್ಲಿ ಕನ್ನಡದಲ್ಲೇ ಮಾಡುವವರು ಬೀಳುವ ಗುಂಡಿಗಳು ಬೇರೆ. ಯಾವ ಪಠ್ಯದಲ್ಲೂ ಸಿಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೂಲ ಪ್ರಯೋಗ 1935ರದ್ದು. ಬರೀ ಬಣ್ಣದ 100 ಚೌಕಗಳ ಬಣ್ಣ ಹೇಳಲು ಸರಾಸರಿ 63.3 ಸೆಕೆಂಡ್. ಅದೇ ಬಣ್ಣಗಳಲ್ಲಿ ಬೇರೆ ಬಣ್ಣದ ಹೆಸರು ಅಚ್ಚಾಗಿದ್ದಾಗ, ಹೆಸರು ಓದದೆ ಶಾಯಿಯ ಬಣ್ಣ ಹೇಳಲು 110.3 ಸೆಕೆಂಡ್. ಅರ್ಥದ ಅಡ್ಡಿ 47 ಸೆಕೆಂಡ್. ಹೋಲಿಕೆಯ ಆಧಾರ ಬಣ್ಣದ ಚೌಕ, ಕಪ್ಪು ಅಕ್ಷರ ಓದುವುದಲ್ಲ. ಬಣ್ಣ ಹೇಳುವ ಸಮಯದಿಂದ ಓದುವ ಸಮಯವನ್ನು ಕಳೆದು "ಅಡ್ಡಿ" ಎಂದು ಬರೆದರೆ ಎರಡು ಬೇರೆ ಕೆಲಸಗಳನ್ನು ಕಳೆದಂತಾಯಿತು.

ಈಗ ಕನ್ನಡದ ಕಾರ್ಡ್. ಕೆಂಪು, ನೀಲಿ, ಹಸಿರು, ಹಳದಿ ಎಂದು ಆರಿಸಿದಿರಿ. ಹಳದಿ ಶಾಯಿ ಬಿಳಿ ಹಾಳೆಯ ಮೇಲೆ ಕಾಣುವುದೇ ಇಲ್ಲ. ಅದನ್ನು ಬಿಟ್ಟು ಕಂದು ಹಾಕಿದರೆ ಯಾರ ಬಾಯಲ್ಲೂ ಕಂದು ಬರುವುದಿಲ್ಲ, "ಕಾಫಿ ಕಲರ್" ಅನ್ನುತ್ತಾರೆ, ಇಲ್ಲವೇ ಬ್ರೌನ್. ಆ ಒಂದು ಪದ ಹುಡುಕುವುದಕ್ಕೇ ಅರ್ಧ ಸೆಕೆಂಡ್ ಹೋಗುತ್ತದೆ. ಅದು ಅಡ್ಡಿಯಲ್ಲ, ಹೆಸರಿನ ಕಷ್ಟ. ಕೆಂಪು, ನೀಲಿ, ಹಸಿರು, ಕಪ್ಪು ಇಡಿ. ಮೂರಕ್ಷರದ್ದು ಹಸಿರು ಒಂದೇ ಆಗುತ್ತದೆ, ಚೌಕದ ಕಾರ್ಡಿನಲ್ಲೂ ಪದದ ಕಾರ್ಡಿನಲ್ಲೂ ಪ್ರತಿ ಬಣ್ಣ ಸಮ ಸಲ ಬಂದರೆ (40ರ ಕಾರ್ಡಿನಲ್ಲಿ 10 ಸಲ) ಆ ವ್ಯತ್ಯಾಸ ಎರಡೂ ಕಡೆ ಸಮವಾಗಿ ಬೀಳುತ್ತದೆ. ಒಂದೇ ಬಣ್ಣ ಸತತ ಎರಡು ಸಲ ಬರಬಾರದು. ಒಂದು ಪದದ ಹೆಸರು ಅದರ ಮುಂದಿನ ಪದದ ಶಾಯಿಯ ಬಣ್ಣವಾಗಿರದಂತೆಯೂ ನೋಡಿಕೊಳ್ಳಿ.

ಇನ್ನು ಸಬ್ಜೆಕ್ಟ್ ಮಧ್ಯದಲ್ಲಿ "ಕೆಂಪು, ಬ್ಲೂ, ಹಸಿರು, ರೆಡ್" ಅನ್ನತೊಡಗುತ್ತಾರೆ. ನಮ್ಮ ದಿನದ ಮಾತೇ ಹಾಗೆ. ಆದರೆ ಇಂಗ್ಲಿಷಿನಲ್ಲಿ ಹೇಳಿದಾಗ ಕನ್ನಡ ಲಿಪಿಯ ಅಡ್ಡಿ ಕಡಿಮೆಯಾಗಬಹುದು. ಸೂಚನೆಯಲ್ಲೇ ಹೇಳಿ, "ಬಣ್ಣದ ಹೆಸರು ಕನ್ನಡದಲ್ಲೇ ಹೇಳಿ, ತಪ್ಪಾದರೆ ಅಲ್ಲೇ ತಿದ್ದಿಕೊಂಡು ಮುಂದೆ ಹೋಗಿ". ಅದನ್ನು ತಪ್ಪು ಎಂದು ಎಣಿಸಬೇಕೋ ಬೇಡವೋ ಎಂಬುದನ್ನು ಮೊದಲೇ ತೀರ್ಮಾನಿಸಿ ರೆಕಾರ್ಡಿನಲ್ಲಿ ಬರೆಯಿರಿ. ಡೇಟಾ ನೋಡಿದ ಮೇಲೆ ತೀರ್ಮಾನಿಸಿದರೆ ಅದು ನಿಯಮವಲ್ಲ, ಅನುಕೂಲ.

ದೊಡ್ಡ ಗುಂಡಿ ಇನ್ನೊಂದಿದೆ. ಓದು ತಾನಾಗಿ ಆಗುವವರಲ್ಲಿ ಮಾತ್ರ ಅಡ್ಡಿ ಬರುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಕನ್ನಡ ಅಕ್ಷರ ಕೂಡಿಸಿ ಓದುವವರನ್ನು ಕೂರಿಸಿದರೆ ಅಡ್ಡಿ ಕಡಿಮೆ ಬರುತ್ತದೆ, ನೀವು "ಇವರ ಗಮನ ಶಕ್ತಿ ಚೆನ್ನಾಗಿದೆ" ಎಂದು ಬರೆದುಬಿಡುತ್ತೀರಿ. ಇದಕ್ಕೇ ಗೊಂದಲಕಾರಿ ಚರ ಅನ್ನುವುದು. ಕಾರ್ಡ್ ಕೊಡುವ ಮೊದಲು ಕಪ್ಪು ಅಕ್ಷರದ ಪಟ್ಟಿ ಒಂದು ಓದಿಸಿ ಸಮಯ ಬರೆದುಕೊಳ್ಳಿ. ಹಾಗೆಯೇ ಬಣ್ಣದ ಪಟ್ಟಿಯ ನಾಲ್ಕೂ ಬಣ್ಣ ಹೆಸರಿಸಲು ಹೇಳಿ, ಕೆಂಪು-ಹಸಿರು ಗುರುತಿಸಲಾಗದವರು ಅಲ್ಲೇ ತಿಳಿಯುತ್ತಾರೆ.

ಎಬ್ಬಿಂಗ್‌ಹೌಸ್‌ನ ಅರ್ಥಹೀನ ಅಕ್ಷರಗಳಿಗೂ (ನೆನಪಿನ ಪ್ರಯೋಗಕ್ಕೆ ಬಾಯಿಪಾಠ ಮಾಡಿಸುವ ಅರ್ಥವಿಲ್ಲದ ತುಣುಕುಗಳು) ಇದೇ ಪಾಡು. ವ್ಯಂಜನ-ಸ್ವರ-ವ್ಯಂಜನದ ಮಾದರಿಯನ್ನು ಕನ್ನಡಕ್ಕೆ ತಂದರೆ ಸ್ವರದಲ್ಲಿ ಮುಗಿಯುವ ನಮ್ಮ ಪದಗಳಿಗೆ ಅದು ಅಪರಿಚಿತ, ಹಾಗಾಗಿ ಅರ್ಥಹೀನವೇ ಇರಬೇಕು ಎಂದುಕೊಳ್ಳುತ್ತೇವೆ. ಪಟ್ಟಿ ಮಾಡಿ ನೋಡಿದರೆ ಬಸ್, ಪೆನ್, ಕಪ್ ಎಲ್ಲ ಸಾಲಾಗಿ ಕೂತಿರುತ್ತವೆ! ಹತ್ತು ಜನಕ್ಕೆ ಪಟ್ಟಿ ಕೊಟ್ಟು "ಇದು ಕೇಳಿದರೆ ಏನು ನೆನಪಾಗುತ್ತದೆ" ಎಂದು ಕೇಳಿ, ಮೂರಕ್ಕಿಂತ ಹೆಚ್ಚು ಜನಕ್ಕೆ ಏನಾದರೂ ಹೊಳೆದದ್ದನ್ನು ತೆಗೆದುಹಾಕಿ.

---

ಮೂರನೇ_ಸೆಮ್:

ಇಬ್ಬರಿಗೂ ಧನ್ಯವಾದ. −18ರ ಲೆಕ್ಕ ನಾನೇ ಮಾಡಿ ನೋಡಿದೆ, ಈಗ ಕೂತಿತು. ಪ್ರಾಜೆಕ್ಟ್ ಬಗ್ಗೆ ಯಾರಾದರೂ ಹೇಳುತ್ತೀರಾ? ಮೊಬೈಲ್ ಬಳಕೆಗೆ "ದಿನಕ್ಕೆ ಎಷ್ಟು ಗಂಟೆ ಬಳಸುತ್ತೀರಿ" ಎಂದು ಒಂದೇ ಪ್ರಶ್ನೆ ಇತ್ತು. ಲಿಂಕನ್ನು ಕ್ಲಾಸಿನ ವಾಟ್ಸಾಪ್ ಗ್ರೂಪಿಗೂ ಹಾಸ್ಟೆಲ್ ಗ್ರೂಪಿಗೂ ಹಾಕಿದ್ದೆ. ವಿಧಾನದ ಭಾಗದಲ್ಲಿ "ಯಾದೃಚ್ಛಿಕ ಮಾದರಿ" ಎಂದು ಬರೆದಿದ್ದೇನೆ.

---

ಎರಡನೇ_ಕರಡು ಉತ್ತರ:

ಆ "ಯಾದೃಚ್ಛಿಕ" ಪದವನ್ನು ಇವತ್ತೇ ಹೊಡೆದುಹಾಕಿ. ಯಾರಿಗೆ ಲಿಂಕ್ ಸಿಕ್ಕಿತೋ ಅವರು ತುಂಬಿದರು, ಅದು ಅನುಕೂಲ ಮಾದರಿ. ಹಾಗೆಂದು ಬರೆಯುವುದು ಅವಮಾನವಲ್ಲ, ಪದವಿ ಮಟ್ಟದ ಪ್ರಾಜೆಕ್ಟ್‌ಗಳು ಬಹುತೇಕ ಅವೇ. ಸುಳ್ಳು ಬರೆಯುವುದು ತಪ್ಪು. ಯಾದೃಚ್ಛಿಕ ಮಾದರಿ ಎಂದರೆ ಕಾಲೇಜಿನ ಪೂರ್ತಿ ಪಟ್ಟಿ ಕೈಯಲ್ಲಿದ್ದು, ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಗೊತ್ತಾದ ಅವಕಾಶ ಇದ್ದು, ಸಂಖ್ಯೆ ಎತ್ತಿ ಆರಿಸುವುದು. ಇದನ್ನು ಯಾದೃಚ್ಛಿಕ ಹಂಚಿಕೆಯ ಜೊತೆ ಕಲಸಬೇಡಿ. ಹಂಚಿಕೆ ಎಂದರೆ ಈಗಾಗಲೇ ಬಂದವರಲ್ಲಿ ಯಾರು ಯಾವ ಗುಂಪಿಗೆ ಎಂದು ಚೀಟಿ ಎತ್ತಿ ನಿರ್ಧರಿಸುವುದು. ಮಾದರಿ ಸರಿಯಿದ್ದರೆ ಫಲಿತಾಂಶವನ್ನು ಹೊರಗಿನವರಿಗೂ ಅನ್ವಯಿಸಬಹುದು, ಹಂಚಿಕೆ ಸರಿಯಿದ್ದರೆ ಕಾರಣ ಹೇಳಬಹುದು. ನಿಮ್ಮಲ್ಲಿ ಎರಡೂ ಇಲ್ಲ.

ಹಾಗಾಗಿ ಶೀರ್ಷಿಕೆಯ "ಪರಿಣಾಮ"ವೂ ಹೋಗಬೇಕು. "ಮೊಬೈಲ್ ಬಳಕೆ ಮತ್ತು ಪರೀಕ್ಷಾ ಆತಂಕದ ನಡುವಿನ ಸಂಬಂಧ" ಎಂದಿಡಿ. ಆತಂಕ ಹೆಚ್ಚಾದವರು ಓದು ಬಿಟ್ಟು ಮೊಬೈಲ್ ಹಿಡಿದಿರಬಹುದು. ನಿದ್ದೆಗೆಟ್ಟವರಲ್ಲಿ ಎರಡೂ ಹೆಚ್ಚಿರಬಹುದು. ನಿಮ್ಮ 0.28 ಈ ಮೂರರಲ್ಲಿ ಯಾವುದಕ್ಕೂ ಹೆಚ್ಚು ಒಲಿಯುವುದಿಲ್ಲ. ಸ್ವತಂತ್ರ ಚರ ಎಂಬ ಪದವೂ ಇಲ್ಲಿ ಸಲ್ಲ, ನೀವು ಯಾರ ಮೊಬೈಲ್ ಬಳಕೆಯನ್ನೂ ಬದಲಿಸಿಲ್ಲ.

"ದಿನಕ್ಕೆ ಎಷ್ಟು ಗಂಟೆ" ಎಂಬ ಪ್ರಶ್ನೆಗೆ ಜನ 2, 3, 4 ಎಂದು ದುಂಡಗೆ ಹೇಳುತ್ತಾರೆ. ಡೇಟಾ ಶೀಟ್ ತೆರೆದು ನೋಡಿ, 3.5 ಕೂಡ ಎಲ್ಲೋ ಒಂದೆರಡು ಇರುತ್ತದೆ. ಕಾರ್ಯಾತ್ಮಕ ವ್ಯಾಖ್ಯೆ ಎಂದರೆ ಇದನ್ನು ಬಿಗಿಗೊಳಿಸುವುದು: "ಫೋನಿನ ಡಿಜಿಟಲ್ ವೆಲ್‌ಬೀಯಿಂಗ್ ಪರದೆ ತೋರಿಸುವ ಹಿಂದಿನ 7 ದಿನಗಳ ನಿಮಿಷಗಳ ಸರಾಸರಿ". ಆಗ ಅಳತೆ ನೆನಪಿನ ಮೇಲೆ ನಿಲ್ಲುವುದಿಲ್ಲ. ಈ ಸಲ ಮತ್ತೆ ಸಂಗ್ರಹಿಸಲು ಸಮಯ ಇಲ್ಲದಿದ್ದರೆ ಮಿತಿಗಳ ಭಾಗದಲ್ಲಿ ಬರೆಯಿರಿ.

ಆಲ್ಫಾ 0.92 ನೋಡಿ ಖುಷಿಪಡಬೇಡಿ, ಅನುಮಾನಪಡಿ. 10 ಪ್ರಶ್ನೆಗೆ ಅಷ್ಟು ಬಂದರೆ ಒಂದೇ ಪ್ರಶ್ನೆಯನ್ನು ಹತ್ತು ವೇಷದಲ್ಲಿ ಕೇಳಿರುವ ಸಂಭವ ಇದೆ. "ಪರೀಕ್ಷೆ ಎಂದರೆ ಭಯವಾಗುತ್ತದೆ", "ಪರೀಕ್ಷೆ ನೆನೆದರೆ ಹೆದರಿಕೆಯಾಗುತ್ತದೆ", "ಪರೀಕ್ಷೆ ಹತ್ತಿರ ಬಂದರೆ ದಿಗಿಲಾಗುತ್ತದೆ". ಒಂದಕ್ಕೆ 4 ಹಾಕಿದವರು ಮೂರಕ್ಕೂ 4 ಹಾಕುತ್ತಾರೆ. ವಿಶ್ವಾಸಾರ್ಹತೆ ಏರಿತು, ಆದರೆ ಪರೀಕ್ಷಾ ಆತಂಕದಲ್ಲಿ ಚಿಂತೆಯೂ ಇದೆ, ಕೈ ಬೆವರುವ ದೈಹಿಕ ಲಕ್ಷಣವೂ ಇದೆ, ಓದಿದ್ದು ನೆನಪಾಗದ ತೊಡಕೂ ಇದೆ. ಅವನ್ನು ಕೇಳಲೇ ಇಲ್ಲ. ವಿಶ್ವಾಸಾರ್ಹತೆ ಇದ್ದೂ ವಿಷಯ ಸಿಂಧುತ್ವ ಇಲ್ಲದಿರುವುದಕ್ಕೆ ನಿಮ್ಮ ಮಾಪನಿಯೇ ಉದಾಹರಣೆಯಾದೀತು. (ಅರ್ಧ-ವಿಭಜನೆ ಕೇಳಿದರೆ: ಎರಡು ಅರ್ಧಗಳ ಸಹಸಂಬಂಧ 0.60 ಬಂದರೆ ಅದು ಅರ್ಧ ಪರೀಕ್ಷೆಯದು. ಪೂರ್ತಿ ಪರೀಕ್ಷೆಗೆ ಸ್ಪಿಯರ್‌ಮನ್-ಬ್ರೌನ್ ಸೂತ್ರ: 2 × 0.60 ಭಾಗಿಸು 1.60 = 0.75.)

ಅನುವಾದಕ್ಕೆ ಬರೋಣ, ಇಲ್ಲಿ ಜಾಸ್ತಿ ಕೆಡುವುದು ನಕಾರದ ವಾಕ್ಯ. "ಪರೀಕ್ಷೆಯಲ್ಲಿ ನನಗೆ ಭಯವಾಗುವುದಿಲ್ಲ" ಎಂಬ ತಿರುವು ಪ್ರಶ್ನೆಗೆ ಹೌದು/ಇಲ್ಲ ಕೊಟ್ಟಿರಿ ಎಂದಿಟ್ಟುಕೊಳ್ಳಿ. ಕನ್ನಡದಲ್ಲಿ "ಹೌದು, ಆಗಲ್ಲ" ಎನ್ನುವವರೂ ಇದ್ದಾರೆ, "ಇಲ್ಲ, ಆಗಲ್ಲ" ಎನ್ನುವವರೂ ಇದ್ದಾರೆ. ಇಬ್ಬರದೂ ಒಂದೇ ಅರ್ಥ, ನಿಮ್ಮ ಶೀಟಿನಲ್ಲಿ ಎದುರುಬದುರು. ತಿರುವು ಪ್ರಶ್ನೆ ಬೇಕಿದ್ದರೆ ನಕಾರ ಬಳಸದೆ ಮಾಡಿ: "ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಮನಸ್ಸು ಶಾಂತವಾಗಿರುತ್ತದೆ". ಅಂಕ ತಿರುಗಿಸುವುದನ್ನು ಮರೆಯಬೇಡಿ. 5 ಅಂಕದ ಮಾಪನಿಯಲ್ಲಿ 6ರಿಂದ ಕಳೆಯಬೇಕು, 5ರಿಂದಲ್ಲ. ಮಧ್ಯದ ಆಯ್ಕೆಗೆ "ಗೊತ್ತಿಲ್ಲ" ಎಂದು ಹಾಕಿದ್ದೀರಾ? ಗೊತ್ತಿಲ್ಲ ಎಂದರೆ 3 ಅಂಕದ ಆತಂಕವಲ್ಲ. "ಕೆಲವೊಮ್ಮೆ" ಎಂದಿಡಿ.

ಇಂಗ್ಲಿಷಿನ ಪ್ರಶ್ನೆಯನ್ನು ಒಬ್ಬರು ಕನ್ನಡಕ್ಕೆ ತರಬೇಕು, ಮೂಲ ನೋಡದ ಇನ್ನೊಬ್ಬರು ಅದನ್ನು ವಾಪಸ್ ಇಂಗ್ಲಿಷಿಗೆ ತರಬೇಕು, ಆಮೇಲೆ ಎರಡು ಇಂಗ್ಲಿಷನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಅಷ್ಟಾದ ಮೇಲೆ ಐದಾರು ವಿದ್ಯಾರ್ಥಿಗಳನ್ನು ಕೂರಿಸಿ, ಪ್ರತಿ ಪ್ರಶ್ನೆ ಓದಿಸಿ, "ನಿಮಗೆ ಇದರಿಂದ ಏನು ಅರ್ಥವಾಯಿತು, ನಿಮ್ಮ ಮಾತಿನಲ್ಲಿ ಹೇಳಿ" ಎನ್ನಿ. ಹಿಂದನುವಾದದಲ್ಲಿ ಪಾಸಾದ ವಾಕ್ಯ ಇಲ್ಲಿ ಬೀಳುವುದು ಸಾಮಾನ್ಯ. "ಉದ್ವೇಗ" ಎಂಬ ಪದವನ್ನೇ ತೆಗೆದುಕೊಳ್ಳಿ, ಅರ್ಧ ಜನ ಅದನ್ನು ಸಿಟ್ಟು ಎಂದು ಓದುತ್ತಾರೆ. "ಎದೆ ಡವಡವ ಎನ್ನುತ್ತದೆ" ಎಂದರೆ ಯಾರಿಗೂ ಅನುಮಾನವಿಲ್ಲ.

ಒಪ್ಪಿಗೆ ಪತ್ರ ಇತ್ತೇ? 18 ತುಂಬದವರು ಯಾರಾದರೂ ತುಂಬಿದ್ದರೆ ಪೋಷಕರ ಒಪ್ಪಿಗೆಯೂ ಬೇಕು, ತುಂಬಿದವರ ಸಮ್ಮತಿಯೂ ಬೇಕು. ಪಿಯು ತಂಗಿ-ತಮ್ಮಂದಿರಿಗೆ ಲಿಂಕ್ ಫಾರ್ವರ್ಡ್ ಆಗಿರುವುದುಂಟು, ವಯಸ್ಸಿನ ಕಾಲಂ ಒಮ್ಮೆ ನೋಡಿಬಿಡಿ.

---

ಸೊನ್ನೆ_ಊಹೆ ಉತ್ತರ:

ಪಿ ಮೌಲ್ಯ ನನಗೆ ಬಿಡಿ. 0.03 ಎಂದರೆ ಪ್ರಾಕಲ್ಪನೆ 97% ನಿಜ ಅಂತಲ್ಲ. ಎರಡಕ್ಕೂ ಸಂಬಂಧವೇ ಇಲ್ಲ (ಶೂನ್ಯ ಪ್ರಾಕಲ್ಪನೆ) ಎಂದು ಒಪ್ಪಿಕೊಂಡು ಹೊರಟರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ಸಹಸಂಬಂಧ ಬರೀ ಆಕಸ್ಮಿಕದಿಂದ 100ರಲ್ಲಿ ಸುಮಾರು 3 ಸಲ ಬರುತ್ತದೆ. ಲೆಕ್ಕ ಶುರುವಾಗುವುದೇ "ಸಂಬಂಧವಿಲ್ಲ" ಎಂದು ಒಪ್ಪಿಕೊಂಡು, ಅದೇ ಲೆಕ್ಕ "ಸಂಬಂಧ ಇರುವ ಸಾಧ್ಯತೆ ಇಷ್ಟು" ಎಂದು ಹೇಗೆ ಹೇಳೀತು?

0.28ರ ವರ್ಗ 0.078. ಅಂದರೆ ಆತಂಕದ ಏರಿಳಿತದಲ್ಲಿ ಮೊಬೈಲ್ ಬಳಕೆಯ ಜೊತೆ ಹಂಚಿಕೊಂಡದ್ದು ಶೇಕಡಾ 8ಕ್ಕಿಂತ ಕಡಿಮೆ. 60 ಜನಕ್ಕೆ 95% ವಿಶ್ವಾಸಾಂತರ ಹಾಕಿದರೆ 0.03ರಿಂದ 0.50ರವರೆಗೆ ಬರುತ್ತದೆ. ಹೆಚ್ಚೂಕಡಿಮೆ ಏನೂ ಇಲ್ಲ ಎಂಬಲ್ಲಿಂದ ಗಟ್ಟಿ ಸಂಬಂಧದವರೆಗೆ ಎಲ್ಲಿ ಬೇಕಾದರೂ ಇರಬಹುದು. ವರದಿಯಲ್ಲಿ ಪಿ ಒಂದನ್ನೇ ಬರೆಯದೆ ಈ ಅಂತರವನ್ನೂ ಬರೆಯಿರಿ. ಜಾಸ್ಪ್ ಅಥವಾ ಜಮೋವಿ ಎಂಬ ಅಂಕಿಅಂಶದ ಸಾಫ್ಟ್‌ವೇರ್ ಉಚಿತ, ಒಂದು ಟಿಕ್ ಹಾಕಿದರೆ ಅದೇ ಕೊಡುತ್ತದೆ. ಅದಕ್ಕಿಂತ ಮೊದಲು ಚದುರು ಚಿತ್ರ ನೋಡಿ. ದಿನಕ್ಕೆ 16 ಗಂಟೆ ಎಂದು ಬರೆದ ಒಬ್ಬನೇ ಪುಣ್ಯಾತ್ಮ 60ರ ಮಾದರಿಯಲ್ಲಿ 0.10 ಅನ್ನು 0.28 ಮಾಡಬಲ್ಲ.

ಇನ್ನೊಂದು: ಲಿಂಗ, ಹಾಸ್ಟೆಲ್, ವಿಭಾಗ ಎಂದು ಎಷ್ಟು ಪರೀಕ್ಷೆ ಓಡಿಸಿದಿರಿ? ಏನೂ ಇಲ್ಲದ ಕಡೆಯೂ 0.05ರ ಮಟ್ಟದಲ್ಲಿ 10 ಸ್ವತಂತ್ರ ಪರೀಕ್ಷೆ ಓಡಿಸಿದರೆ ಕನಿಷ್ಠ ಒಂದು "ಸಾರ್ಥಕ" ಬರುವ ಸಾಧ್ಯತೆ 40%. ಬಂದದ್ದೊಂದನ್ನು ಇಟ್ಟುಕೊಂಡು ಉಳಿದ ಒಂಬತ್ತನ್ನು ಮುಚ್ಚಿಡುವ ಚಾಳಿ ದೊಡ್ಡ ದೊಡ್ಡ ಪತ್ರಿಕೆಗಳಲ್ಲೂ ಇತ್ತು. 2015ರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ಮಾಡಿದಾಗ, ಮೂಲದಲ್ಲಿ 97% ಸಾರ್ಥಕ ಇದ್ದದ್ದು ಮರುಪ್ರಯೋಗದಲ್ಲಿ 36%ಕ್ಕೆ ಇಳಿಯಿತು. ಓಡಿಸಿದ್ದನ್ನೆಲ್ಲ ಬರೆಯಿರಿ.

ಟಿ ಪರೀಕ್ಷೆಯನ್ನು (ಸರಾಸರಿಯ ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ನೋಡುವ ಲೆಕ್ಕ) ಒಮ್ಮೆಯಾದರೂ ಕೈಯಲ್ಲಿ ಮಾಡಿ. ಸ್ಟ್ರೂಪ್‌ನಲ್ಲಿ 8 ಜನ, ಪ್ರತಿಯೊಬ್ಬರ ಅಡ್ಡಿ (ಪದದ ಕಾರ್ಡ್ ಕಳೆ ಚೌಕದ ಕಾರ್ಡ್) ಸೆಕೆಂಡಿನಲ್ಲಿ: 14, 9, 17, 11, 6, 15, 12, 12. ಮೊತ್ತ 96, ಸರಾಸರಿ 12. ಸರಾಸರಿಯಿಂದ ದೂರ 2, −3, 5, −1, −6, 3, 0, 0. ವರ್ಗಗಳ ಮೊತ್ತ 84. ಇದನ್ನು 8ರಿಂದಲ್ಲ, 7ರಿಂದ ಭಾಗಿಸಿ: 12. ಮಾನಕ ವಿಚಲನೆ 3.46. ಅದನ್ನು 8ರ ವರ್ಗಮೂಲ 2.83ರಿಂದ ಭಾಗಿಸಿದರೆ ಮಾನಕ ದೋಷ 1.22. ಟಿ = 12 ಭಾಗಿಸು 1.22, ಸುಮಾರು 9.8. ಸ್ವಾತಂತ್ರ್ಯದ ಮಟ್ಟ (8 − 1) 7ಕ್ಕೆ ಕೋಷ್ಟಕದ ಮೌಲ್ಯ 2.365. ಅದನ್ನು ಎಷ್ಟೋ ದಾಟಿದೆ. ಒಬ್ಬನೇ ವ್ಯಕ್ತಿಯ ಎರಡು ಅಂಕಗಳು ಆದ್ದರಿಂದ ಜೋಡಿ ಟಿ. ಸ್ವತಂತ್ರ ಗುಂಪಿನ ಟಿ ಹಾಕಿದರೆ ಜನರ ನಡುವಿನ ವೇಗದ ವ್ಯತ್ಯಾಸವೂ ದೋಷಕ್ಕೆ ಸೇರಿಕೊಂಡು ಟಿ ಸುಮ್ಮನೆ ಕುಗ್ಗುತ್ತದೆ.

---

ಹಳೇ_ಬ್ಯಾಚ್ ಉತ್ತರ:

ಇಷ್ಟೆಲ್ಲ ಯಾಕ್ರೀ? ಪರೀಕ್ಷೆಗೆ ವ್ಯಾಖ್ಯೆ ಬಾಯಿಪಾಠ ಮಾಡಿ, ಮತ್ತೆ ಮತ್ತೆ ಓದಿ, ಮುಗೀತು. ವೈವಾದಲ್ಲಿ ವ್ಯಾಖ್ಯೆ ಕೇಳುವುದೇ ಜಾಸ್ತಿ.

---

ಅಳತೆಗೋಲು ಉತ್ತರ:

ವ್ಯಾಖ್ಯೆ ಬೇಡ ಅಂದವರು ಯಾರೂ ಇಲ್ಲ. ಮತ್ತೆ ಮತ್ತೆ ಓದುವುದರ ಬಗ್ಗೆ ಮಾತ್ರ ತಕರಾರು, ಅದನ್ನು ಅಳೆದು ನೋಡಿದ್ದಾರೆ. ರೋಡಿಗರ್ ಮತ್ತು ಕಾರ್ಪಿಕ್, 2006. ಒಂದು ಪಠ್ಯಭಾಗ ಓದಿದ ಮೇಲೆ ಕೆಲವರು ಅದನ್ನೇ ಮತ್ತೆ ಓದಿದರು, ಕೆಲವರು ಪುಸ್ತಕ ಮುಚ್ಚಿ ನೆನಪಾದದ್ದನ್ನು ಬರೆದರು. 5 ನಿಮಿಷದ ನಂತರ ಮತ್ತೆ ಓದಿದವರದು 81%, ಬರೆದವರದು 75%. ಒಂದು ವಾರದ ನಂತರ ಓದಿದವರದು 42%, ಬರೆದವರದು 56%.

@ಮೂರನೇ_ಸೆಮ್, ಇದನ್ನು ಓದಿನ ಸಲಹೆಯಾಗಿ ಅಷ್ಟೇ ಅಲ್ಲ, ವೈವಾ ಪ್ರಶ್ನೆಯಾಗಿಯೂ ಬಳಸಿ. ಸ್ವತಂತ್ರ ಚರ ಎಷ್ಟು? ಎರಡು: ಓದಿನ ಬಗೆ, ಕಾಯ್ದ ಅವಧಿ. ಅವಲಂಬಿತ ಚರ ನೆನಪಾದ ಶೇಕಡಾ. "ಯಾವ ಬಗೆ ಒಳ್ಳೆಯದು" ಎಂದರೆ ಒಂದೇ ಉತ್ತರವಿಲ್ಲ, ಅದು ಅವಧಿಯ ಮೇಲೆ ನಿಂತಿದೆ. ಗ್ರಾಫ್ ಹಾಕಿದರೆ ಎರಡು ಗೆರೆ ಒಂದನ್ನೊಂದು ಕತ್ತರಿಸುತ್ತವೆ. ಅಂತರಕ್ರಿಯೆ ಎಂದು ಪಠ್ಯದಲ್ಲಿ ಓದಿದ್ದು ಇದೇ. 5 ನಿಮಿಷಕ್ಕಷ್ಟೇ ಅಳೆದು ನಿಲ್ಲಿಸಿದ್ದರೆ ಫಲಿತಾಂಶ @ಹಳೇ_ಬ್ಯಾಚ್ ಅವರ ಪರವಾಗಿರುತ್ತಿತ್ತು.

ಓದುವಾಗ ಹೀಗೆ ಮಾಡಿ. ಒಂದು ಪ್ರಯೋಗ ತೆಗೆದುಕೊಳ್ಳಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಬರೆಯಿರಿ: ಏನನ್ನು ಬದಲಿಸಿದರು, ಏನನ್ನು ಯಾವ ಮಾನದಲ್ಲಿ ಅಳೆದರು, ಏನನ್ನು ಸಮಗೊಳಿಸಿದರು, ಏನು ಕೈತಪ್ಪಿತು. ಆಮೇಲೆ ತೆರೆದು ತಾಳೆ ನೋಡಿ. ಎರಡು ದಿನ ಬಿಟ್ಟು ಅದೇ ಪ್ರಯೋಗವನ್ನು ಮತ್ತೆ ಖಾಲಿ ಹಾಳೆಯಲ್ಲಿ.

ಇತಿಹಾಸದ ಪ್ರಶ್ನೆಗೆ ವುಂಟ್, ಲೀಪ್‌ಜಿಗ್, 1879 (ಮೊದಲ ಮನೋವಿಜ್ಞಾನ ಪ್ರಯೋಗಾಲಯ) ಎಲ್ಲರೂ ಹೇಳುತ್ತಾರೆ. ನಮ್ಮ ಕಡೆಯದು ಕೇಳಿದರೆ ಮೈಸೂರು ವಿಶ್ವವಿದ್ಯಾಲಯದ ವಿಭಾಗ, 1924, ಎಂ.ವಿ. ಗೋಪಾಲಸ್ವಾಮಿ ಎನ್ನಿ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಕೈಕೆಳಗೆ ಕಲಿತವರು, ಮೇಲೆ ಅರ್ಧ-ವಿಭಜನೆ ಸೂತ್ರದಲ್ಲಿ ಬಂದ ಅದೇ ಸ್ಪಿಯರ್‌ಮನ್. 1935ರಲ್ಲಿ ಮೈಸೂರಿನಲ್ಲಿ "ಆಕಾಶವಾಣಿ" ಎಂಬ ಬಾನುಲಿ ಕೇಂದ್ರ ಶುರು ಮಾಡಿದವರೂ ಇವರೇ, ಇದು ವೈವಾಗೆ ಬೇಡ.

---

ಮೂರನೇ_ಸೆಮ್:

ಶೀಟ್ ತೆರೆದು ನೋಡಿದೆ. 17 ವರ್ಷದವರು ಇಬ್ಬರಿದ್ದಾರೆ. 14 ಗಂಟೆ ಎಂದು ಬರೆದವರು ಒಬ್ಬರು. ಮೂವರನ್ನೂ ತೆಗೆದು ಲೆಕ್ಕ ಹಾಕಲೇ?

---

ಎರಡನೇ_ಕರಡು ಉತ್ತರ:

17ರವರನ್ನು ತೆಗೆಯಿರಿ, ಅದು ನೀತಿಯ ಪ್ರಶ್ನೆ, ಅಂಕಿ ಏನಾದರೂ ಆಗಲಿ. ಅವರ ಸಾಲುಗಳನ್ನು ಶೀಟಿನಿಂದಲೂ ಅಳಿಸಿ. 14 ಗಂಟೆಯವರನ್ನು ಸುಮ್ಮನೆ ತೆಗೆಯಬೇಡಿ. ಅವರನ್ನು ಇಟ್ಟುಕೊಂಡು ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಹಾಕಿ ಎರಡನ್ನೂ ವರದಿಯಲ್ಲಿ ಬರೆಯಿರಿ, ಎನ್ (ಜನರ ಸಂಖ್ಯೆ) 58 ಮತ್ತು 57 ಎಂದು ಸ್ಪಷ್ಟವಾಗಿ ನಮೂದಿಸಿ.